ಹೆಪ್ಪಿನ ಅರಳೆ

ಅಫ್ರೋಜಳ ಮನೆಯಲ್ಲಿ ಯಾವ ಸಾಮಾನೂ ತನ್ನ ಮೂಲ ಕೆಲಸ ಮಾಡುತ್ತಿರಲಿಲ್ಲ. ಅಮೆರಿಕದ ಫ್ರೀಮಾಂಟಿನ ಆ ಬಾಡಿಗೆ ಮನೆಯ ಹಾಲಿನಲ್ಲಿ ಮೂರು ಹಳೆಯ ಚರ್ಮದ ಸೂಟ್‌ಕೇಸುಗಳು ಒಂದರ ಮೇಲೊಂದು ಕೂತು ಟೀಪಾಯಿ ಆಗಿದ್ದವು. ಹೊಲಿಗೆ ಯಂತ್ರದ ಕಾಲುಗಳ ಮೇಲೆ ಗಾಜು ಹಾಸಿ ಫೋನು ಇಟ್ಟಿದ್ದಳು. ಏಣಿಯೊಂದು ಗೋಡೆಗೆ ಒರಗಿ ಪುಸ್ತಕ ಹೊತ್ತಿತ್ತು. ಚೆಂಡು ಉರುಳಿಸಿ ಬೀಳಿಸುವ ಬೌಲಿಂಗ್ ಆಟದ, ಬಾಟಲಿಯಾಕಾರದ ಮರದ ಪಿನ್ನು ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ನಿಂತಿತ್ತು. ಇವೆಲ್ಲಕ್ಕೂ ಮೇಲೆ, ಗೋಡೆಯ ನಡುಮಧ್ಯೆ, ಆರಡಿ ಉದ್ದದ ಒಂದು ಹುಟ್ಟು, ದೋಣಿ ನಡೆಸುವ ಹುಟ್ಟು, ಅಡ್ಡಡ್ಡ ತೂಗಿತ್ತು. ದೋಣಿ ಎಲ್ಲಿ ಎಂದು ಅವಳ ಗಂಡ ಇಜಾಜ್ ಒಂದು ಸಲ ಕೇಳಿದ್ದ. ಆಮೇಲೆ ಕೇಳಿರಲಿಲ್ಲ.

ಇದೆಲ್ಲ ಬರುತ್ತಿದ್ದುದು ಹೆಚ್ಚಾಗಿ ಹತ್ತಿರದ ಶ್ರೀಮಂತರ ಊರು ಸರಟೋಗಾದಿಂದ. ಆ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ದುಡ್ಡು ಮಾಡಿದ ಇಪ್ಪತ್ತೆಂಟು ವರ್ಷದ ಹುಡುಗರು ಅಲ್ಲಿನ ಗುಡ್ಡದ ಹಳೇ ಮನೆಗಳನ್ನು ಕೊಂಡು, ಮೊದಲ ಕೆಲಸವಾಗಿ ಒಳಗಿದ್ದುದನ್ನೆಲ್ಲ ಹೊರಗೆ ಹಾಕುತ್ತಿದ್ದರು. ಶನಿವಾರ ಬೆಳಗಾದರೆ ಅಫ್ರೋಜ್ ಎಂಟು ವರ್ಷದ ಮಗಳು ಲೈಬಾಳನ್ನು ವ್ಯಾನಿಗೆ ಹತ್ತಿಸಿಕೊಂಡು ಹಳೇ ಮನೆಗಳ ಸಾಮಾನು ಮಾರುವ ಎಸ್ಟೇಟ್ ಸೇಲುಗಳಿಗೆ ಹೊರಟುಬಿಡುತ್ತಿದ್ದಳು. ಮಧ್ಯಾಹ್ನ ವಾಪಸು ಬರುವಾಗ ವ್ಯಾನಿನಲ್ಲಿ ಲೈಬಾಳಿಗೆ ಕೈಕಾಲು ಚಾಚಲು ಜಾಗವಿದ್ದರೆ ಅಂದಿನ ಸೇಲು ಸಪ್ಪೆ ಎಂದೇ ಲೆಕ್ಕ.

ಇಜಾಜನಿಗೆ ಹಳೇ ಸಾಮಾನಿನ ಮೇಲೆ ಸಿಟ್ಟೇನೂ ಇರಲಿಲ್ಲ. ಅವನು ಮೆನ್ಲೋ ಪಾರ್ಕಿನ ಹೊಸ ಕಂಪನಿಯೊಂದರಲ್ಲಿದ್ದ. ಮನೆಯ ಗಿಡಗಳಿಗೆ ನೀರು ಹಾಕಿ ಎಂದು ಜನರಿಗೆ ಇಮೇಲ್ ಕಳಿಸುವುದು ಆ ಕಂಪನಿಯ ವ್ಯವಹಾರ. ಅದಕ್ಕಾಗಿ ನಲವತ್ತು ಜನ ಇಂಜಿನಿಯರುಗಳು ಮನೆಮಠ ಮರೆತು ದುಡಿಯುತ್ತಿದ್ದರು, ಅವರಲ್ಲಿ ಕೆಲವರ ಮನೆಯ ಗಿಡಗಳು ಒಣಗಿಯೂ ಹೋಗಿದ್ದವು. ಅಂಥ ಕಡೆ ಕೆಲಸ ಮಾಡುವವನು ಗೋಡೆಯ ಮೇಲಿನ ಹುಟ್ಟನ್ನು ಆಡಿಕೊಳ್ಳುವ ಹಾಗಿಲ್ಲ.

ಅವನನ್ನು ಕಾಡುತ್ತಿದ್ದುದು ಮೇಜಿನ ಡ್ರಾಯರಿನಲ್ಲಿದ್ದ ಒಂದು ಕಾಗದ. ಲಕ್ಷ್ಮೇಶ್ವರದಲ್ಲಿದ್ದ ಅವನ ಅಪ್ಪ ಜಲೀಲಸಾಬರಿಗೆ ಅಮೆರಿಕ ನೋಡುವ ಆಸೆ. ಅಮೆರಿಕಕ್ಕಿಂತ ಹೆಚ್ಚಾಗಿ ಮೊಮ್ಮಗಳನ್ನು ನೋಡುವ ಆಸೆ. ವೀಸಾಕ್ಕೆ ಮಗ ಒಂದು ಆಹ್ವಾನದ ಪತ್ರ ಬರೆದು, ಒಂದು ಅರ್ಜಿ ತುಂಬಿ ಕಳಿಸಬೇಕಿತ್ತು. ಎರಡು ವರ್ಷದಿಂದ ಆ ಅರ್ಜಿ ಡ್ರಾಯರಿನಲ್ಲೇ ಇತ್ತು. ಮನೆ ದೊಡ್ಡದಾಗಲಿ ಅಪ್ಪಾ, ಕಂಪನಿ ಒಂದು ಹದಕ್ಕೆ ಬರಲಿ ಅಪ್ಪಾ ಎಂದು ಇಜಾಜ್ ಫೋನಿನಲ್ಲಿ ಹೇಳುತ್ತಿದ್ದ. ಹೂಂ ಅಂತಿದ್ದರು ಅವರು.

ನಿಜ ಸಂಗತಿ ಇಷ್ಟೇ: ಜಲೀಲಸಾಬ್ ನದಾಫ್ ಅರಳೆ ಹಿಂಜುವವರು. ಹೆಗಲ ಮೇಲೆ ಬಿಲ್ಲಿನಂಥ ಕಮಾನು ಹೊತ್ತು ಊರೂರು ಸುತ್ತಿ, ಜನರ ಅಂಗಳದಲ್ಲಿ ಕೂತು ಹಳೇ ಹತ್ತಿ ಹಿಂಜಿ, ಗಾದಿ ಹೊಲಿದು ಮಗನನ್ನು ಇಂಜಿನಿಯರಿಂಗ್ ಓದಿಸಿದವರು. ಮದುವೆಯ ಹೊತ್ತಿಗೆ ಮಗ ಮೈಸೂರಿನ ಹೆಡ್‌ಮಾಸ್ತರರ ಮನೆಯಲ್ಲಿ, ಅಂದರೆ ಅಫ್ರೋಜಳ ತವರಿನಲ್ಲಿ, ನಮ್ಮಪ್ಪನದು ಹತ್ತಿ ವ್ಯಾಪಾರ ಎಂದುಬಿಟ್ಟಿದ್ದ. ಲಗ್ನಪತ್ರಿಕೆಯಲ್ಲಿ ಅಬ್ದುಲ್ ಜಲೀಲ್ ಎಂದಷ್ಟೇ ಅಚ್ಚಾಯಿತು, ಕಸುಬನ್ನು ಹೇಳಿಬಿಡುವ ನದಾಫ್ ಬಿಟ್ಟುಹೋಯಿತು. ಮುತುವರ್ಜಿಯಿಂದ ಬಿಟ್ಟುಹೋಯಿತು. ಅಪ್ಪ ಕೈಯಾರೆ ಮಾಡಿ ಕೊಟ್ಟ ಮದುವೆಯ ಗಾದಿಯನ್ನೂ ಹುಬ್ಬಳ್ಳಿಯ ಅಂಗಡಿಯದು ಎಂದೇ ಇಜಾಜ್ ಹೇಳಿದ್ದ. ಆ ಗಾದಿಯನ್ನು ಅಫ್ರೋಜ್ ಸುತ್ತಿ, ಹಗ್ಗ ಬಿಗಿದು, ವಿಮಾನಕ್ಕೆ ಹಾಕಿ ಅಮೆರಿಕಕ್ಕೆ ತಂದಿದ್ದಳು. ಇಪ್ಪತ್ತೆರಡು ಕಿಲೋ. ನನಗೆ ಬೇರೆ ಹಾಸಿಗೆಯಲ್ಲಿ ಬೆನ್ನು ನೋಯುತ್ತೆ ಎಂದಿದ್ದಳು, ಅಷ್ಟೇ.

ಹತ್ತು ವರ್ಷದಲ್ಲಿ ಲಕ್ಷ್ಮೇಶ್ವರದಿಂದ ಬಂದ ಒಂದೇ ಒಂದು ಕಾಗದದ, ಕಳಿಸಿದವರ ಹೆಸರಿರುವ ಹಿಂಬದಿಯನ್ನೂ ಹೆಂಡತಿ ತಿರುಗಿಸಿ ನೋಡಿಲ್ಲ ಎಂದು ಇಜಾಜ್ ನಂಬಿಕೊಂಡಿದ್ದ. ಗಂಡಸರ ನಂಬಿಕೆಗಳು ಹೀಗೇ ಗಟ್ಟಿಮುಟ್ಟು.

ಅಪ್ಪ ಬಂದರೆ ಈ ಕಟ್ಟಡವೆಲ್ಲ ಕುಸಿಯುತ್ತದೆ ಎಂಬುದು ಅವನ ಭಯ. ಜಲೀಲಸಾಬರಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಮೊದಲು ಹಾಸಿಗೆಯ ಹೊದಿಕೆ ಎತ್ತಿ, ಮುಷ್ಟಿಯಿಂದ ಒತ್ತಿ, ಒಳಗೇನಿದೆ ಎಂದು ಹೇಳುವುದು. ಬೆಂಗಳೂರಿನಲ್ಲಿ ಇಜಾಜ್ ಬ್ರಹ್ಮಚಾರಿಯಾಗಿ ಬಾಡಿಗೆಗಿದ್ದಾಗ ಮನೆ ಮಾಲೀಕರ ದಿವಾನ ಒತ್ತಿ ನೋಡಿ, "ಅರ್ಧ ಚಿಂದಿ ತುಂಬ್ಯಾರ, ನಿಮಗ ಮೋಸ ಆಗೇತ್ರಿ" ಎಂದಿದ್ದರು. ಮಾಲೀಕರು ಮುಂದಿನ ತಿಂಗಳೇ ಮನೆ ಬಿಡಿಸಿದರು.

ಹೀಗಿರುವಾಗ ಎರಡು ಸಾವಿರದ ಇಸವಿಯ ಜನವರಿಯಲ್ಲಿ ಅಫ್ರೋಜ್ ಸರಟೋಗಾದಿಂದ ಒಂದು ಸೋಫಾ ತಂದಳು. ಮೂರು ಜನ ಕೂರುವಂಥದ್ದು, ಕೆತ್ತನೆಯ ಕಪ್ಪು ಮರ, ಸಿಂಹದ ಕಾಲು. ಮರವೆಲ್ಲ ಸೊಗಸು, ಮಿಕ್ಕಿದ್ದೆಲ್ಲ ಹೊಲಸು. ಕೂರುವ ಕಡೆ ಬಟ್ಟೆ ಹರಿದು, ಸ್ಪ್ರಿಂಗುಗಳು ಹೊರಗೆ ಇಣುಕಿ, ಒಳಗೆ ತುಂಬಿದ್ದ ಕುದುರೆಯ ಕೂದಲು ಉದುರುತ್ತಿತ್ತು. ಅದಕ್ಕೆ ಹೊದಿಸಲೆಂದು ಅವಳು ಪೆಟ್ಟಿಗೆಯಿಂದ ಎರಡು ಇಳಕಲ್ ಸೀರೆ ತೆಗೆದಿಟ್ಟಳು. ಇಜಾಜನ ತಾಯಿಯವು. ತಾಯಿ ತೀರಿಕೊಂಡ ಮೇಲೆ ಜಲೀಲಸಾಬರು ಸೊಸೆಗೆ ಕಳಿಸಿದವು.

"ಒಡಲು ಕೂರೋ ಕಡೆಗೆ, ಕೆಂಪು ಸೆರಗು ಒರಗೋ ಕಡೆಗೆ. ಹೇಗೆ?" ಎಂದಳು.

"ಚೆನ್ನಾಗಿರುತ್ತೆ," ಎಂದ ಇಜಾಜ್. ಅವ್ವನ ಸೆರಗಿನ ಮಡಿಕೆಯನ್ನು ಬೆರಳಿಂದ ನೇರಮಾಡಿಟ್ಟ.

ತೊಂದರೆ ಏನೆಂದರೆ, ಫೆಬ್ರವರಿಯ ಎರಡನೇ ಭಾನುವಾರ ಅವನ ಬಾಸ್ ರಘೋತ್ತಮ ಮತ್ತು ಅವರ ಹೆಂಡತಿ ನಿರುಪಮಾ ಊಟಕ್ಕೆ ಬರುವವರಿದ್ದರು. ನಿರುಪಮಾ ತಮ್ಮ ಮನೆಯನ್ನು ದುಡ್ಡು ಕೊಟ್ಟು ಬೇರೆಯವರಿಂದ ಅಲಂಕಾರ ಮಾಡಿಸಿದವರು. ಅವರ ಮುಂದೆ ಈ ಸೋಫಾ ಇರಲೇಬೇಕೆಂದು ಅಫ್ರೋಜ್ ಹಟ ಹಿಡಿದಿದ್ದಳು. ಸೋಫಾ ಹೊಲಿಯುವ ಐದು ಅಂಗಡಿಗಳಿಗೆ ಫೋನ್ ಮಾಡಿದಳು. ಹೊಸ ಕಂಪನಿಗಳ ಲಾಬಿಗಳಿಗೆಲ್ಲ ಹಳೇ ಕುರ್ಚಿಗಳೇ ಬೇಕಾಗಿದ್ದ ಕಾಲ ಅದು. ಐದೂ ಅಂಗಡಿಯವರು ಜೂನಿಗೆ ಬನ್ನಿ ಎಂದರು. ಅಫ್ರೋಜ್ ಫೋನಿಟ್ಟು, ಹರಕು ಸೋಫಾದ ಪಕ್ಕ ನೆಲದ ಮೇಲೆ ಕೂತಳು. ಅವಳು ಅಳುವವಳಲ್ಲ. ಆದರೆ ಆ ಹೊತ್ತು ಅವಳ ಮುಖ ನೋಡಲಾಗಲಿಲ್ಲ ಇಜಾಜನಿಗೆ.

"ನನಗೆ ಒಬ್ಬರು ಗೊತ್ತು," ಎಂದುಬಿಟ್ಟ.

"ಯಾರು?"

ಹೆಸರು ಬೇಕಾಗಿತ್ತು. ಹತ್ತು ವರ್ಷ ಬಚ್ಚಿಟ್ಟ ಹೆಸರೇ ಬಾಯಿಗೆ ಬಂತು. "ನದಾಫ್ ಅಂತ. ಸ್ಯಾನ್ ಹೊಸೆ ಕಡೆ ಇರ್ತಾರೆ. ಮನೆಗೇ ಬಂದು ಗರಾಜಲ್ಲಿ ಕೂತು ಮಾಡಿಕೊಡ್ತಾರೆ. ಶನಿವಾರ ಮಾತ್ರ."

ಅಫ್ರೋಜ್ ಅವನನ್ನು ತುಸು ಹೊತ್ತು ನೋಡಿದಳು. "ಒಳ್ಳೇದಾಯ್ತು," ಎಂದಳು. "ಶನಿವಾರ ನಾನಂತೂ ಇರಲ್ಲ. ಅವರಿಗೆ ಚಾ ಮಾಡಿಕೊಡಿ."

ಮುಂದಿನ ಮೂರು ಶನಿವಾರ ಇಜಾಜ್ ತನಗೆ ತಾನೇ ಚಾ ಮಾಡಿಕೊಂಡು ಗರಾಜಿನಲ್ಲಿ ಕೂತ. ಬರ್ಕ್ಲಿಯ ಅಂಗಡಿಯೊಂದರಿಂದ ಹತ್ತಿ ತಂದಿದ್ದ, ಆದರೆ ಅದು ಒತ್ತಿ ಒತ್ತಿ ಹಲಗೆಯಂತಾಗಿತ್ತು. ಹಿಂಜದೆ ದಾರಿಯಿಲ್ಲ. ಹಿಂಜಲು ಕಮಾನು ಬೇಕು. ಕಮಾನಿಗೆ ಭಾರವಾದ, ಉದ್ದನೆಯ ಒಂದು ಮರ ಬೇಕು. ಇಡೀ ಮನೆ ಹುಡುಕಿದ ಮೇಲೆ ಅವನ ಕಣ್ಣು ಗೋಡೆಯ ಮೇಲಿನ ಹುಟ್ಟಿನ ಮೇಲೆ ನಿಂತಿತು. ಅದನ್ನು ಇಳಿಸಿ, ಟೆನಿಸ್ ರಾಕೆಟ್ಟಿನ ಕರುಳಿನ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿದ. ದಾರ ಮೀಟಲು ನಡು ಸಣ್ಣಗಿರುವ ಮರದ ಕೊಡತಿ ಬೇಕು. ಬೌಲಿಂಗ್ ಪಿನ್ನನ್ನು ತಂದ. ಅಂಗೈಗೆ ಸರಿಯಾಗಿ ಕೂತಿತು. ಆ ಮನೆಗೆ ಬಂದ ಮೇಲೆ ಎರಡಕ್ಕೂ ಮೊದಲ ಬಾರಿಗೆ ಒಂದು ಕೆಲಸ ಸಿಕ್ಕಿತು.

ಟೊಂಯ್ ಎಂದಿತು ದಾರ. ಅಪ್ಪನ ಜೊತೆ ಮಾಡಿ, ಹದಿನೇಳನೇ ವಯಸ್ಸಿಗೆ ಬಿಟ್ಟ ಕೆಲಸವನ್ನು ಕೈ ಮರೆತಿರಲಿಲ್ಲ. ಅರಳೆ ಎದ್ದು ಗರಾಜು ತುಂಬಿತು, ಅವನ ಹುಬ್ಬು ತುಂಬಿತು, ಕಿವಿ ತುಂಬಿತು. ಅವನಿಗೆ ಖುಷಿಯಾಯಿತು. ಗಿಡಗಳ ಇಮೇಲ್ ಕಳಿಸುವುದರಲ್ಲಿ ಎಂದೂ ಆಗದಂಥ ಖುಷಿ, ಮತ್ತು ಅದರ ಹಿಂದೆಯೇ ಒಂದು ನಾಚಿಕೆ.

ತುಂಬುವ ಮೊದಲು ಇನ್ನೊಂದು ಕೆಲಸವಿತ್ತು. ಜಲೀಲಸಾಬರು ಯಾವ ಗಾದಿಯನ್ನೂ ಬರೀ ಹೊಸ ಹತ್ತಿಯಿಂದ ಮಾಡುತ್ತಿರಲಿಲ್ಲ. ಆ ಮನೆಯವರು ಮಲಗಿದ ಹಳೇ ಗಾದಿಯಿಂದ ಒಂದು ಹಿಡಿ ಅರಳೆ ತೆಗೆದು ಹೊಸದರ ನಟ್ಟನಡುವೆ ಇಡುತ್ತಿದ್ದರು. ಅದಕ್ಕೆ ಹೆಪ್ಪು ಎಂದು ಹೆಸರು. ಹಾಲಿಗೆ ಹೆಪ್ಪು ಹಾಕಿದರೆ ಮೊಸರು, ಗಾದಿಗೆ ಹೆಪ್ಪು ಹಾಕಿದರೆ ನಿದ್ದೆ ಎನ್ನುವುದು ಅವರ ಮಾತು. ಇಜಾಜ್ ಬೆಡ್‌ರೂಮಿಗೆ ಹೋಗಿ ಮದುವೆಯ ಗಾದಿಯ ಒಂದು ಮೂಲೆ ಬಿಚ್ಚಿ, ಒಂದು ಹಿಡಿ ತೆಗೆದು, ಮತ್ತೆ ಹೊಲಿದ. ಬಿಳಿ ದಾರ ಇರಲಿಲ್ಲ, ನೀಲಿಯಲ್ಲಿ ಹೊಲಿದ. ಯಾರು ನೋಡುತ್ತಾರೆ ಎಂದುಕೊಂಡ. ಬಿಚ್ಚಿದ ಗಂಟುಗಳನ್ನು ಅಪ್ಪ ಹಾಕಿದ್ದ ರೀತಿಯಲ್ಲೇ, ಎರಡು ಸುತ್ತು ಬಳಸಿ ಒಳಕ್ಕೆ ನುಗ್ಗಿಸಿ ಹಾಕಿದ. ಸೋಫಾಕ್ಕೂ ಅದೇ ಗಂಟು, ಅದೇ ದಬ್ಬಣದ ಹೊಲಿಗೆ. ಬೇರೆ ರೀತಿ ಅವನಿಗೆ ಬರುತ್ತಲೇ ಇರಲಿಲ್ಲ.

ಶನಿವಾರ ಮಧ್ಯಾಹ್ನಗಳಲ್ಲಿ ಅವನ ತಲೆಗೂದಲಲ್ಲಿ ಬಿಳಿ ಎಳೆಗಳಿರುತ್ತಿದ್ದವು. ಅಫ್ರೋಜ್ ಏನೂ ಕೇಳಲಿಲ್ಲ. ಗೋಡೆಯ ಮೇಲೆ ಆರಡಿ ಖಾಲಿ ಜಾಗವಿತ್ತು. ಅದನ್ನೂ ಕೇಳಲಿಲ್ಲ.

ಭಾನುವಾರ ಹನ್ನೆರಡೂವರೆಗೆ ರಘೋತ್ತಮ ದಂಪತಿಗಳು ಬಂದರು. ರಘೋತ್ತಮ ಧಾರವಾಡದವರು. ಆಫೀಸಿನಲ್ಲಿ ಇಂಗ್ಲಿಷು, ಸಮಾಧಾನವಾದಾಗ ಧಾರವಾಡ. ಕಂಪನಿಯ ಹೊಸ ಆವೃತ್ತಿಯ ಗದ್ದಲದಲ್ಲಿ ನಾಲ್ಕು ದಿನದಿಂದ ಅವರು ಸರಿಯಾಗಿ ಮಲಗಿರಲಿಲ್ಲ. ನಿರುಪಮಾ ಏಣಿಯನ್ನು, ಸೂಟ್‌ಕೇಸುಗಳನ್ನು, ವಾಪಸು ಗೋಡೆಗೇರಿದ್ದ ಹುಟ್ಟನ್ನು ನೋಡಿ "ಇಂಟರೆಸ್ಟಿಂಗ್" ಎಂದರು. ಸೋಫಾದ ಮುಂದೆ ಮಾತ್ರ ನಿಂತು, ಕೆಂಪು ಸೆರಗಿನ ಮೇಲೆ ಕೈಯಾಡಿಸಿ, "ಇದು ಎಷ್ಟು ಚೆನ್ನಾಗಿದೆ ಅಫ್ರೋಜ್" ಎಂದರು. ಅಫ್ರೋಜ್ ಕೆಂಪಾದಳು.

ರಘೋತ್ತಮ ಕೂತರು. "ಇಜಾಜ್, ಮುಂದಿನ ಕ್ವಾರ್ಟರಿನಲ್ಲಿ ನಾವು..." ಎಂದರು. ಅಲ್ಲಿಗೆ ಮಾತು ನಿಂತಿತು. ಏನೋ ಆಲೋಚನೆಯಲ್ಲಿದ್ದಾರೆ ಎಂದು ಇಜಾಜ್ ಗೌರವದಿಂದ ಕಾದ. ಎರಡು ನಿಮಿಷದ ಮೇಲೆ ಗೊರಕೆ ಕೇಳಿಸಿತು.

"ಅಯ್ಯೋ, ಎಬ್ಬಿಸ್ತೀನಿ ಇರಿ," ಎಂದು ನಿರುಪಮಾ ಗಂಡನ ಪಕ್ಕ ಕೂತು ಅವರ ಭುಜ ಅಲುಗಿಸಿದರು. ಒಂದು ಸಲ ಅಲುಗಿಸಿದರು. ಎರಡನೇ ಸಲಕ್ಕೆ ಅವರ ಕೈ ಅಲ್ಲೇ ಉಳಿಯಿತು, ತಲೆ ಸೆರಗಿಗೆ ಒರಗಿತು. ಬಿರಿಯಾನಿಯ ಮುಚ್ಚಳ ತೆಗೆದಿದ್ದ ಅಫ್ರೋಜ್ ಮತ್ತೆ ಮುಚ್ಚಿದಳು.

"ಆರ್ ದೇ ಓಕೆ?" ಎಂದಳು ಲೈಬಾ.

"ಊಟ ಮಾಡು ಬಾ," ಎಂದಳು ಅಫ್ರೋಜ್.

ಮನೆಯವರು ಮೂವರೂ ಅಡುಗೆಮನೆಯಲ್ಲಿ ನಿಂತು, ಪಿಸುಮಾತಿನಲ್ಲಿ ಊಟ ಮುಗಿಸಿದರು. ಅತಿಥಿಗಳು ನಾಲ್ಕೂಮುಕ್ಕಾಲಿಗೆ ಎದ್ದರು. ನಿರುಪಮಾ ನಾಚಿಕೆಯಿಂದ ಸೀರೆ ಸರಿಮಾಡಿಕೊಂಡರು. ರಘೋತ್ತಮರಿಗೆ ನಾಚಿಕೆಯೇನೂ ಆಗಲಿಲ್ಲ. ಅವರು ಸೋಫಾವನ್ನು ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದರು.

"ಇದನ್ನ ಮಾಡಿದಾವ್ರು ಯಾರು?"

"ನದಾಫ್ ಅಂತ," ಎಂದಳು ಅಫ್ರೋಜ್, ಗಂಡನ ಕಡೆ ನೋಡದೆ. "ಇವರಿಗೆ ಗೊತ್ತಿರೋರು."

"ನದಾಫ್!" ರಘೋತ್ತಮರ ಮುಖ ಅರಳಿತು. "ನಮ್ಮ ಓಣಿಗೆ ದೀಪಾವಳಿ ಮುಂದ ಒಬ್ಬರು ಬರ್ತಿದ್ರು, ಹೆಗಲ ಮ್ಯಾಲ ಕಮಾನು ಹೊತಗೊಂಡು. ಟೊಂಯ್ ಅಂತ ಸಪ್ಪಳಾತಂದ್ರ ನಾವು ಹುಡುಗರು ಸಾಲಿ ಬಿಟ್ಟು ಓಡತಿದ್ವಿ. ಹಿಂಜಿದ ಅರಳಿ ಮ್ಯಾಲ ಬಿದ್ದು ಹೊಳ್ಳ್ಯಾಡಿದ್ರೂ ಬೈತಿರಲಿಲ್ಲ ಆ ಮನಷ್ಯಾ. ಅಂಥಾ ನಿದ್ದಿ ಇವತ್ತ ಬಂತು ನೋಡು ನನಗ. ಇಜಾಜ್, ಅವರನ್ನ ನಾ ನೋಡಬೇಕು. ಮುಂದಿನ ವಾರ ಕರಕೊಂಡು ಬಾ."

"ಬರೋಕಾಗಲ್ಲ ಸಾರ್."

"ಯಾಕ? ನಾನ ಹೋಗ್ತೀನಿ. ಎಲ್ಲಿರ್ತಾರ ಹೇಳು."

ಇಜಾಜನಿಗೆ ಸ್ಯಾನ್ ಹೊಸೆಯ ಒಂದು ಬೀದಿಯ ಹೆಸರೂ ನೆನಪಾಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ತೀರಿಕೊಂಡರು ಸಾರ್. ಹೋದ ವಾರ."

ರಘೋತ್ತಮ ಸೋಫಾದಿಂದ ಎದ್ದು ನಿಂತರು. "ಛೆ ಛೆ. ವಯಸ್ಸಾಗಿತ್ತೇನು?"

"ಅರವತ್ತೆಂಟು."

"ಮಕ್ಕಳು?"

"ಒಬ್ಬ ಮಗ."

"ಅವನಿಗೆ ಈ ಕೆಲಸ ಬರ್ತದೇನು?"

"ಇಲ್ಲ ಸಾರ್. ಅವನು ಕಂಪ್ಯೂಟರಿಗೆ ಹೋದ."

"ಹಾಂಗಾದ್ರ ಮುಗೀತು ಬಿಡು," ಎಂದರು ರಘೋತ್ತಮ. ಅವರಿಗೆ ನಿಜಕ್ಕೂ ಬೇಸರವಾಗಿತ್ತು. ಬಿರಿಯಾನಿಯನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು, ಬಾಗಿಲಲ್ಲಿ ಇನ್ನೊಮ್ಮೆ ಸೋಫಾದ ಕಡೆ ನೋಡಿ ಹೊರಟುಹೋದರು.

ಅಫ್ರೋಜ್ ಬಾಗಿಲು ಹಾಕಿದಳು. ಹೊಲಿಗೆ ಯಂತ್ರದ ಕಾಲುಗಳ ಮುಂದೆ ನಿಂತು, ಊರಿಗೆ ಮಾತಾಡುವ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರನ್ನು ನೋಡದೆಯೇ ಒತ್ತಿದಳು. ಲಕ್ಷ್ಮೇಶ್ವರದಲ್ಲಿ ಆಗ ಬೆಳಗಿನ ಹೊತ್ತು. ಒಂದೆರಡು ಮಾತಾಡಿ, ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ಗಂಡನತ್ತ ಚಾಚಿದಳು.

"ತಗೊಳ್ಳಿ. ಹೋದ ವಾರ ತೀರಿಕೊಂಡೋರು ಲೈನಲ್ಲಿದ್ದಾರೆ."

ಇಜಾಜ್ ಸೋಫಾದ ಮೇಲೆ ಕೂತ.

"ನಿಂಗೆ..." ಎಂದ.

"ಮದುವೆಯಾಗಿ ಮೂರನೇ ದಿನ ಮಾವನೋರೇ ಹೇಳಿದ್ರು. ಗಾದಿ ನಾನ ಮಾಡೀನವ್ವಾ, ನನ್ನ ಮಗಗ ಹೇಳಾಕ ನಾಚಿಕಿ, ನಿನಗ ಗೊತ್ತಿಲ್ಲದಂಗ ಇದ್ದುಬಿಡು ಅಂದ್ರು. ಇದ್ದೆ. ಗೋಡೆ ಮೇಲಿನ ಹುಟ್ಟು ಹೋದಾಗ್ಲೂ ಸುಮ್ಮನಿದ್ದೆ. ಗಾದಿಗೆ ನೀಲಿ ಹೊಲಿಗೆ ಬಂದಾಗ್ಲೂ ಸುಮ್ಮನಿದ್ದೆ. ಇವತ್ತು ಅವರನ್ನ ಸಾಯಿಸಿಬಿಟ್ರಲ್ಲ ರೀ." ಅವಳ ದನಿ ಒಡೆಯಿತು. "ಮಾತಾಡಿ."

ಅವನು ರಿಸೀವರು ಕಿವಿಗಿಟ್ಟುಕೊಂಡ.

"ಇಜಾಜ್? ಸೋಫಾ ಬೇಸ ಮಾಡೀಯಂತ, ಅಫ್ರೋಜವ್ವ ಹೇಳಿದ್ಲು," ಎಂದಿತು ಅಪ್ಪನ ದನಿ. "ಕುಂತಾವರು ಏಳಲಿಲ್ಲಂತ. ಅದು ತಪ್ಪಪಾ. ಕೂಡೂದಕ್ಕ ಅರಳಿ ಒತ್ತಿ ತುಂಬಬೇಕು. ನೀ ಮಲಗೂದಕ್ಕ ತುಂಬೀದಿ."

"ಹೂಂ ಅಪ್ಪಾ."

"ಇರ್ಲಿ. ಹೆಪ್ಪು ಹಾಕಿದ್ಯೋ ಇಲ್ಲೋ?"

"ಹಾಕೀನಪ್ಪಾ." ಲಕ್ಷ್ಮೇಶ್ವರದ ಮಾತು ಅವನ ಬಾಯಿಗೆ ಬಂದು ವರ್ಷಗಳಾಗಿದ್ದವು.

"ಯಾವ ಗಾದೀದು?"

"ನೀ ಕೊಟ್ಟದ್ದು."

"ಹಾಂಗಾದ್ರ ನಿಮ್ಮವ್ವನ ಗಾದೀದೂ ಅದರಾಗ ಐತಿ," ಎಂದರು ಜಲೀಲಸಾಬರು. "ನಿಮ್ಮದಕ್ಕ ಅಕಿ ಗಾದೀದ ಹೆಪ್ಪು ಹಾಕಿದ್ದೆ. ಚೊಲೋ ಆತು." ಆಮೇಲೆ, ಏನೋ ಜ್ಞಾಪಿಸಿಕೊಂಡವರಂತೆ, "ಮತ್ತ ಆ ಅರ್ಜಿ ಪತ್ರ ಅಂತಿದ್ಯಲ್ಲ, ಅವಸರಿಲ್ಲ. ನಿಮ್ಮ ಮನಿ ದೊಡ್ಡದಾದ ಮ್ಯಾಲ ಮಾಡು" ಎಂದರು.

ಇಜಾಜ್ ಅತ್ತ. ಮೂವತ್ತೇಳು ವರ್ಷದ ಗಂಡಸು ಅವ್ವನ ಸೆರಗಿಗೆ ಮುಖ ಒತ್ತಿ ಅತ್ತ, ಫೋನು ಕಾರ್ಡಿನ ನಿಮಿಷಗಳು ಮುಗಿಯುವವರೆಗೂ.

ಅಂದು ಸಂಜೆಯೇ ಡ್ರಾಯರು ತೆಗೆದ. ಅಪ್ಪನ ಪೂರ್ತಿ ಹೆಸರು ಎಂಬಲ್ಲಿ ಪೂರ್ತಿ ಹೆಸರು ಬರೆದ. ಉದ್ಯೋಗ ಎಂಬಲ್ಲಿ ಅರಳೆ ಹಿಂಜಿ ಗಾದಿ ಮಾಡುವವರು ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋದ. ಜಾಗ ಸಾಲದೆ ಕೊನೆಯ ಅಕ್ಷರಗಳು ಪಕ್ಕದ ಚೌಕದೊಳಕ್ಕೆ ನುಗ್ಗಿದವು.

ಜೂನಿನಲ್ಲಿ ಕಂಪನಿ ಮುಚ್ಚಿತು. ಗಿಡಗಳಿಗೆ ನೀರು ಹಾಕುವುದನ್ನು ಜನ ತಾವೇ ನೆನಪಿಟ್ಟುಕೊಂಡರು. ಇಜಾಜನಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ರಘೋತ್ತಮರಿಗೆ ಕೈತುಂಬ ಬಿಡುವು ಸಿಕ್ಕಿತು.

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ಜಲೀಲಸಾಬರು ಬಂದಿಳಿದರು. ಮನೆಯೊಳಗೆ ಕಾಲಿಟ್ಟವರು ಲೈಬಾಳ ಕೆನ್ನೆ ಹಿಡಿದು, ಸೊಸೆಯ ತಲೆ ಮುಟ್ಟಿ, ಹಾಲಿನಲ್ಲಿ ಒಂದು ಸುತ್ತು ಹಾಕಿದರು. ಬೌಲಿಂಗ್ ಪಿನ್ನನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ ಅಲ್ಲೇ ಇಟ್ಟರು. ಹುಟ್ಟಿನ ಎರಡು ತುದಿಯಲ್ಲಿ ದಾರ ಕಚ್ಚಿದ ಗುರುತಿನ ಮೇಲೆ ಬೆರಳಾಡಿಸಿದರು. ಕೊನೆಗೆ ಸೋಫಾದ ಮುಂದೆ ಮೊಣಕಾಲೂರಿ, ಮುಷ್ಟಿಯಿಂದ ಈ ತುದಿಯಿಂದ ಆ ತುದಿಯವರೆಗೆ ಒತ್ತಿದರು. ಇಜಾಜ್ ಪರೀಕ್ಷೆಯ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತಿದ್ದ.

"ಎಡಗಡೆ ಒಂದ ಹಿಡಿ ಜಾಸ್ತಿ ಆಗೇತಿ," ಎಂದರು. "ಉಳಿದದ್ದು ಬರೊಬ್ಬರಿ ಐತಿ."

"ಕೂತ್ಕೊಳ್ಳಿ ಮಾವ," ಎಂದಳು ಅಫ್ರೋಜ್.

ಅವರು ಅನುಮಾನಿಸಿದರು. ಜೀವಮಾನವಿಡೀ ಈಚಲ ಚಾಪೆಯ ಮೇಲೆ ಮಲಗಿದವರು. ಮಂದಿಗೆ ಮಾಡೂ ಗಾದಿ ಮ್ಯಾಲ ನಾವು ಹೊಳ್ಳ್ಯಾಡಬಾರದು ಎಂದು, ಮನೆಯಲ್ಲಿ ಮಾಡಿದ ಒಂದೇ ಗಾದಿಯನ್ನೂ ಹೆಂಡತಿಗೆ ಬಿಟ್ಟುಕೊಟ್ಟವರು. "ಇದು ಮಾರೂದಲ್ಲಲಾ?" ಎಂದು ಮಗನನ್ನು ಕೇಳಿದರು.

"ಅಲ್ಲಪ್ಪಾ. ಮನೀದು."

ಕೂತರು. ಅಂಚಿನಲ್ಲಿ ಕೂತವರು ಮೆಲ್ಲಗೆ ಹಿಂದಕ್ಕೆ ಸರಿದರು. ಇಳಕಲ್ ಸೆರಗನ್ನು ಗುರುತು ಹಿಡಿದು, ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು. ಅಫ್ರೋಜ್ ಚಾ ತರುವ ಹೊತ್ತಿಗೆ ಕಾಲು ಮೇಲೆಳೆದುಕೊಂಡು ಮಲಗಿಬಿಟ್ಟಿದ್ದರು, ಅಂಚು ಬೆರಳಲ್ಲೇ ಇತ್ತು. ಅವಳು ಚಾ ಲೋಟವನ್ನು ಸೂಟ್‌ಕೇಸುಗಳ ಮೇಲೆ ಸದ್ದಾಗದಂತೆ ಇಟ್ಟಳು.

ಹನ್ನೊಂದಕ್ಕೆ ಕರೆಗಂಟೆ ಬಡಿಯಿತು. ರಘೋತ್ತಮರನ್ನು ಇಜಾಜನೇ ಫೋನ್ ಮಾಡಿ ಕರೆದಿದ್ದ, ಒಬ್ಬರನ್ನು ತೋರಿಸಬೇಕು ಬನ್ನಿ ಎಂದು. ಲೈಬಾ ಓಡಿಹೋಗಿ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು, "ಶ್ಶ್. ದಾದಾ ಈಸ್ ಸ್ಲೀಪಿಂಗ್" ಎಂದಳು.

ರಘೋತ್ತಮ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು. "ಯಾರಪಾ ಅವರು?"

"ನದಾಫ್ ಸಾರ್," ಎಂದ ಇಜಾಜ್. "ಜಲೀಲಸಾಬ್ ನದಾಫ್."

"ತೀರಿಕೊಂಡ್ರು ಅಂದಿದ್ದಿ?"

"ಸುಳ್ಳು ಹೇಳಿದ್ದೆ ಸಾರ್. ಸೋಫಾ ಮಾಡಿದ್ದು ನಾನು. ನನಗೆ ಕಲಿಸಿದ್ದು ಅವರು. ನಮ್ಮಪ್ಪ."

ರಘೋತ್ತಮ ಅವನ ಮುಖವನ್ನು ಒಂದು ನಿಮಿಷ ನೋಡಿದರು. ಬಗ್ಗಿ ಬೂಟಿನ ದಾರ ಬಿಚ್ಚಿ, ಎರಡೂ ಬೂಟುಗಳನ್ನು ಹೊರಗಿಟ್ಟು, ಕಾಲ ತುದಿಯಲ್ಲಿ ಒಳಗೆ ಬಂದು, ಸೋಫಾದ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು, ಅವರು ಏಳುವವರೆಗೆ ಕಾಯಲು.